ಅರ್ಧ ಮಗುಚಿದ ಹಪ್ಪಳ

ಟೆರೇಸಿನ ಬಾಗಿಲು ತೆರೆದೇ ಇತ್ತು. ದೊರೆ ಮಾತ್ರ ಏಳಲಿಲ್ಲ.

ಜುಲೈ ತಿಂಗಳ ಗುರುವಾರ, ಸಂಜೆ ನಾಲ್ಕು ಗಂಟೆ. ಮಸ್ಕತ್ತಿನ ಹಮ್ರಿಯಾದ ಹಳೆಯ ಐದು ಮಹಡಿಯ ಕಟ್ಟಡ. ವಾಚ್‌ಮನ್ ಶಹೀದ್ ನೀರಿನ ಟ್ಯಾಂಕ್ ನೋಡಿ ಬರುತ್ತೇನೆಂದು ಮೇಲೆ ಹೋದವನು ಮೂರೇ ನಿಮಿಷಕ್ಕೆ ಕೆಳಗೆ ಓಡಿ ಬಂದ. ನೆಲಮಹಡಿಯ ಕ್ಲಿನಿಕ್ಕಿನ ಬಾಗಿಲು ತಳ್ಳಿದ.

"ಸಿಸ್ಟರ್, ಜಲ್ದೀ! ಊಪರ್!"

ಹೆಡ್ ನರ್ಸ್ ಆಲ್ಬಿನಾಗೆ ಐವತ್ತನಾಲ್ಕು ವರ್ಷ. ಊರು ಶಿರ್ವ. ಈ ಕ್ಲಿನಿಕ್ಕಿಗೆ ಬಂದು ಹದಿನೆಂಟು ವರ್ಷ. ಮೊಣಕಾಲು ಅವಳ ಮಾತು ಕೇಳುವುದನ್ನು ಬಿಟ್ಟು ನಾಲ್ಕು ವರ್ಷ. ಆದರೂ ಲಿಫ್ಟಿನಿಂದಿಳಿದು ಕೊನೆಯ ಹದಿನಾಲ್ಕು ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತಿದಳು.

ಐದನೇ ಮಹಡಿಯ ಫ್ರೆಂಚ್ ಮನುಷ್ಯ ತುಳಸಿ ಕುಂಡದ ಪಕ್ಕ ಅಂಗಾತ ಮಲಗಿದ್ದ. ಹೆಸರು ಲ್ಯೂಕ್. ಅರವತ್ತೊಂದು ವರ್ಷ, ಬಿಳಿ ಗಡ್ಡ, ಹೃದಯದ ರೋಗಿ. ತಿಂಗಳಿಗೊಮ್ಮೆ ಬಿ.ಪಿ. ನೋಡಿಸಿಕೊಳ್ಳಲು ಅವಳಲ್ಲಿಗೇ ಬರುತ್ತಿದ್ದ. ಕಟ್ಟಡದಲ್ಲಿದ್ದ ಊರ ಕಡೆಯವರೆಲ್ಲ ಅವನನ್ನು ದೊರೆ ಎಂದೇ ಕರೆಯುತ್ತಿದ್ದರು.

ನಾಡಿ ಇಲ್ಲ. ಚರ್ಮ ಕಾದ ಕಾವಲಿ. ಆಲ್ಬಿನಾ ಅಭ್ಯಾಸಬಲದಿಂದ ದವಡೆ ತೆರೆದು ನೋಡಿದಳು. ನಾಲಗೆಯ ಮೇಲೆ ಒಂದು ಎಲೆ ಇತ್ತು. ಹಸಿರು ಎಲೆ, ಇಡಿಯಾದ ಎಲೆ. ಹಲ್ಲಿನ ಗುರುತಿಲ್ಲ. ತುಟಿಯಂಚಿನಿಂದ ಕಿವಿಯ ತನಕ ನೀರು ಹರಿದು ಒಣಗಿದ ಗೆರೆ. ಕಣ್ಣೆರಡೂ ಮುಚ್ಚಿದ್ದವು.

ಅವಳು ದವಡೆಯನ್ನು ಮೆಲ್ಲಗೆ ಮುಚ್ಚಿದಳು. ಎಲೆಯನ್ನು ಮುಟ್ಟಲಿಲ್ಲ.

ತಲೆಯೆತ್ತಿ ನೋಡಿದರೆ ಟ್ಯಾಂಕಿನ ಆಚೆ ಹಳೆಯ ಪಂಚೆ ಹಾಸಿತ್ತು. ಅದರ ತುಂಬ ಗೆಣಸಿನ ಹಪ್ಪಳ, ಸಾಲು ಸಾಲಾಗಿ. ಮೊದಲ ಐದು ಸಾಲು ಮಗುಚಿ ಹಾಕಿದ್ದು. ಉಳಿದ ಆರು ಸಾಲು ಮಗುಚದೆ, ಅಂಚೆಲ್ಲ ಸುರುಟಿ ಬಿರಿದಿದ್ದವು.

ಆಲ್ಬಿನಾಗೆ ನಲವತ್ತೇಳು ಡಿಗ್ರಿ ಬಿಸಿಲಿನಲ್ಲಿ ಚಳಿಯಾಯಿತು.

*   *   *

ಪೊಲೀಸ್ ಅಧಿಕಾರಿ ಇಬ್ರಾಹಿಂ ಮಿತಭಾಷಿ. ಹಿಂದಿ ಚೆನ್ನಾಗಿ ಬರುತ್ತದೆ. ಟೆರೇಸಿನ ಬಾಗಿಲನ್ನು ನಾಲ್ಕು ಸಲ ಹಾಕಿ ತೆಗೆದು ನೋಡಿದ.

"ಚಿಲಕ ಮೆಟ್ಟಿಲಿನ ಕಡೆಗೆ. ಟೆರೇಸಿನಿಂದ ತೆಗೆಯಲಾಗದು. ಈ ಕಡೆಯ ತಗಡು ನೋಡಿ, ಸಿಸ್ಟರ್."

ಟೆರೇಸಿನ ಕಡೆಯ ತಗಡಿನಲ್ಲಿ ಅಂಗೈ ಗುರುತು. ಒಂದಲ್ಲ, ಹತ್ತಾರು.

"ಬಡಿದಿದ್ದಾನೆ," ಎಂದ ಇಬ್ರಾಹಿಂ. "ಯಾರೋ ಚಿಲಕ ಹಾಕಿದ್ದಾರೆ. ಆಮೇಲೆ ಅವರೇ ತೆಗೆದಿದ್ದಾರೆ. ಅಪಘಾತವಲ್ಲ."

"ಯಾರಿಗೂ ಕೇಳಿಸಲಿಲ್ವಾ?"

"ಎದುರಿನ ಫ್ಲ್ಯಾಟ್ ಖಾಲಿ. ಪಕ್ಕದ ಹೊಸ ಕಟ್ಟಡದಲ್ಲಿ ಮೂವತ್ತು ಜನ ಕೆಲಸಗಾರರು. ಆದರೆ ಬೇಸಿಗೆಯಲ್ಲಿ ಹನ್ನೆರಡೂವರೆಯಿಂದ ಮೂರೂವರೆ ಬಿಸಿಲ ಕೆಲಸಕ್ಕೆ ನಿಷೇಧ. ಆ ಮೂರು ಗಂಟೆ ಈ ಟೆರೇಸ್ ನೋಡುವ ಕಣ್ಣು ಒಂದೂ ಇಲ್ಲ."

ದೊರೆಯ ಫೋನು ಕೆಳಗೆ ಅವನ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ ಚಾರ್ಜಿಗಿತ್ತು. ಬಾಯಿಯ ಎಲೆಯ ಬಗ್ಗೆ ಪೊಲೀಸ್ ವೈದ್ಯರು ತಲೆಕೆಡಿಸಿಕೊಳ್ಳಲಿಲ್ಲ. ತುಳಸಿಗೆ ಇಲ್ಲಿನವರ ಹೆಸರು ರೇಹಾನ್. ರೇಹಾನ್ ಎಲೆ, ಬಾಯಾರಿಕೆಗೆ ಜಗಿದಿರಬೇಕು ಎಂದರು. ಕುಂಡದ ನೆರಳಿನಲ್ಲಿ ಅರ್ಧ ನೀರಿದ್ದ ಝಾರಿ ಇತ್ತು. ನೀರು ಕೈಗೆಟುಕುವಲ್ಲಿರುವಾಗ ಬಾಯಾರಿದವನು ಎಲೆ ಯಾಕೆ ತಿನ್ನುತ್ತಾನೆ ಎಂದು ಯಾರೂ ಕೇಳಲಿಲ್ಲ. ಕೇಳಬೇಕಾಗಿದ್ದವಳು ಆಲ್ಬಿನಾ. ಅವಳು ಬಾಯಿ ಬಿಡಲಿಲ್ಲ.

ಇಬ್ರಾಹಿಂ ಒಂದು ನೋಟ್‌ಬುಕ್ ತೋರಿಸಿದ. "ಸತ್ತವನ ಕೋಣೆಯಲ್ಲಿ, ಕೆಳಗಿನ ಡ್ರಾಯರಿನಲ್ಲಿತ್ತು. ನಿಮ್ಮ ಭಾಷೆಯೇ?"

ಮೊದಲ ಪುಟ. ಅ ಆ ಇ ಈ. ಒಂದನೇ ಕ್ಲಾಸಿನ ಮಗು ಬರೆದ ಹಾಗೆ ಅಡ್ಡಾದಿಡ್ಡಿ.

"ಅಕ್ಷರ ಕಲಿತಾ ಇದ್ರು ಅಂತ ಕಾಣ್ತದೆ," ಎಂದು ಆಲ್ಬಿನಾ ಹಿಂದಕ್ಕೆ ಕೊಟ್ಟಳು. ಪುಟ ತಿರುವುವಷ್ಟು ಸಮಾಧಾನ ಅವಳಿಗಿರಲಿಲ್ಲ.

ಸಂಜೆ ಶಹೀದನನ್ನು ಕರೆದುಕೊಂಡು ಹೋದರು. ಕುಂಡದ ನೀರು ಸೋರುತ್ತದೆಂದು ಹೋದ ವಾರ ಅವನು ದೊರೆಯ ಜತೆ ಜಗಳ ಕಾದಿದ್ದ. ಟೆರೇಸ್ ಅವನ ಸುಪರ್ದಿ. ಮಧ್ಯಾಹ್ನ ರೂಮಿನಲ್ಲಿ ಮಲಗಿದ್ದೆ ಎಂದ, ಸಾಕ್ಷಿ ಇಲ್ಲ. ಬರುವ ತಿಂಗಳು ತನ್ನೂರು ಚಿತ್ತಗಾಂಗಿಗೆ ಹೋಗಲು ಟಿಕೆಟ್ ತೆಗೆದಿದ್ದ. ಕಾರು ಹತ್ತುವಾಗ ಆಲ್ಬಿನಾಳನ್ನೇ ನೋಡಿದ.

"ಸಿಸ್ಟರ್, ಆಪ್ ಬೋಲೋ ನಾ. ನಾನೇ ಅಲ್ವಾ ನಿಮ್ಮನ್ನ ಕರೆದದ್ದು?"

ಅವಳು ಹೇಳಲಿಲ್ಲ. ಹೇಳಬೇಕಾದರೆ ಇನ್ನೊಬ್ಬರ ಹೆಸರು ಹೇಳಬೇಕಾಗಿತ್ತು.

*   *   *

ಸಾಯುವವರ ಬಾಯಿಗೆ ತುಳಸಿ ಎಲೆ ಹಾಕಿ ನೀರು ಬಿಡುವವರು ಯಾರೆಂದು ಆಲ್ಬಿನಾಗೆ ಗೊತ್ತು. ಮಸ್ಕತ್ತಿನಲ್ಲಿ ತೀರಿಕೊಂಡ ಊರಿನವರ ಶವ ಊರಿಗೆ ಕಳಿಸುವ ಕಾಗದಪತ್ರದ ಕೆಲಸಕ್ಕೆಲ್ಲ ಜನ ಕರೆಯುವುದು ಅವಳನ್ನೇ. ಜಪಸರ ಹಿಡಿಸಿದ ಕೈಗಳನ್ನೂ ನೋಡಿದ್ದಾಳೆ, ಕಿಬ್ಲಾದ ಕಡೆ, ಮೆಕ್ಕಾದ ದಿಕ್ಕಿಗೆ ತಿರುಗಿಸಿದ ಮುಖಗಳನ್ನೂ ನೋಡಿದ್ದಾಳೆ. ಶಹೀದ್ ಗಾಬರಿಯಲ್ಲಿ ಏನು ಮಾಡಿದರೂ ತುಳಸಿ ಎಲೆ ಇಡುವವನಲ್ಲ.

ಗೆಣಸಿನ ಹಪ್ಪಳ ಯಾರದೆಂದೂ ಗೊತ್ತು. ದೊರೆಗೆ ಅಡುಗೆ ಮಾಡುವ ಭೋಜರಾಜನದು. ಆ ತುಳಸಿ ಕುಂಡವನ್ನು ತಂದಿಟ್ಟವನೂ ಅವನೇ.

ಭೋಜಣ್ಣ. ಎಂಟು ವರ್ಷದ ಹಿಂದೆ ಅವಳ ಗಂಡ ಇಲ್ಲೇ ತೀರಿಕೊಂಡಾಗ ನಲವತ್ತು ದಿನ ಒಂದು ಹೊತ್ತೂ ತಪ್ಪದೆ ಬುತ್ತಿ ಕಳಿಸಿದವನು. ಆರು ವರ್ಷದ ಹಿಂದೆ ಅವನ ಒಬ್ಬಳೇ ಮಗಳು ಸಮೀಕ್ಷಾ ಫ್ರಾನ್ಸಿನಲ್ಲಿ ಬೆಂಕಿಗೆ ಸಿಕ್ಕಿ ಸತ್ತಾಗ, ಪೆಟ್ಟಿಗೆ ಮಂಗಳೂರಿಗೆ ಮುಟ್ಟುವ ತನಕ ಕಾಗದಗಳನ್ನೆಲ್ಲ ತುಂಬಿದವಳು ಆಲ್ಬಿನಾ. ಕೇಕು, ಪೇಸ್ಟ್ರಿ ಕಲಿಯಲೆಂದು ಹೋದ ಹುಡುಗಿ. ಇಪ್ಪತ್ತೊಂದು ವರ್ಷ.

ಪೊಲೀಸರಿಗೆ ಭೋಜರಾಜ ಹೇಳಿದ್ದು ಇಷ್ಟು: ಬೆಳಿಗ್ಗೆ ಹಪ್ಪಳ ಹಾಸಿದೆ, ಅಡುಗೆ ಮಾಡಿಟ್ಟೆ, ಹನ್ನೊಂದು ಗಂಟೆಯ ಕಾರಿಗೆ ವಾದಿ ಕಬೀರಿಗೆ ಮನೆಗೆ ಹೋದೆ.

ಆಗಿರಬಹುದು. ಆಗಿರಲಿ ದೇವರೇ, ಎಂದು ಆಲ್ಬಿನಾ ಶುಕ್ರವಾರ ಚರ್ಚಿನ ಪೂಜೆಯುದ್ದಕ್ಕೂ ಬೇಡಿದಳು. ಅದರಷ್ಟು ಹೊಲಸು ಪ್ರಾರ್ಥನೆಯನ್ನು ಅವಳು ಜೀವಮಾನದಲ್ಲಿ ಮಾಡಿರಲಿಲ್ಲ, ಯಾಕೆಂದರೆ ಶಹೀದ್ ಆಗ ಲಾಕಪ್ಪಿನೊಳಗಿದ್ದ.

*   *   *

ಮಧ್ಯಾಹ್ನ ದೊರೆಯ ಶವ ಕಳಿಸುವ ಕಾಗದಪತ್ರಕ್ಕೆಂದು ವಿಕಾಸ್ ಶೆಟ್ಟಿ ಬಂದ. ದೊರೆ ಸಲಹೆಗಾರನಾಗಿದ್ದ ಕಟ್ಟಡ ವಿನ್ಯಾಸದ ಕಂಪೆನಿಯ ಮ್ಯಾನೇಜರ್, ಮೂಲ್ಕಿಯವನು. ಬುಧವಾರ ಆಫೀಸಿನಲ್ಲಿ ಇವನಿಗೂ ದೊರೆಗೂ ಜೋರು ಮಾತಾಗಿತ್ತೆಂದು ಇಬ್ರಾಹಿಂ ಹೇಳಿದ್ದ. ವಿಕಾಸನ ಮನೆಯಲ್ಲೂ ತುಳಸಿ ಉಂಟು. ಆಲ್ಬಿನಾ ತನಗೇ ನಾಚಿಕೆಯಾಗುವಷ್ಟು ಆಸೆಯಿಂದ ಅವನ ಮುಖ ನೋಡಿದಳು.

"ಜಗಳ ಯಾಕೆ ಆದದ್ದು ವಿಕಾಸ್?"

"ಸಿಸ್ಟರ್, ಸಾಕಾಗಿ ಹೋಗಿತ್ತು ಮಾರಾಯ್ರೆ. ಸಹಮ್‌ನಲ್ಲಿ ಒಂದು ಹಾಸ್ಟೆಲ್ ಪ್ರಾಜೆಕ್ಟ್. ಎಲ್ಲ ಓಕೆ ಆಗಿ ಇವರ ಸೈನ್ ಮಾತ್ರ ಬಾಕಿ. ಇವರು ಮಾಡ್ಲಿಕ್ಕಿಲ್ಲ! ಟೆರೇಸಿಗೆ ಇನ್ನೊಂದು ಮೆಟ್ಟಿಲು ಬೇಕು, ಟೆರೇಸಿನ ಬಾಗಿಲಿಗೆ ಲಾಕೇ ಇರ್ಬಾರ್ದು, ಅದೇ ರಾಗ. ನಾನು ಬೈದದ್ದು ಹೌದು."

"ನಿನ್ನೆ ಮಧ್ಯಾಹ್ನ ಎಲ್ಲಿದ್ದೆ?"

ಅವನು ಕಣ್ಣು ಕಿರಿದು ಮಾಡಿದ. "ನನ್ನ ಮೇಲೆ ಡೌಟಾ? ಸಹಮ್ ಸೈಟಿನಲ್ಲಿ, ಏಳು ಜನರ ಜತೆ ಮೀಟಿಂಗ್. ಇನ್ನೂರು ಕಿಲೋಮೀಟರ್ ದೂರ. ಪೊಲೀಸರು ಆಗ್ಲೇ ಕೇಳಿ ಆಯ್ತು."

ಆಸೆ ಅಲ್ಲಿಗೆ ಮುಗಿಯಿತು. ಆಲ್ಬಿನಾ ಫಾರ್ಮನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇವರ ಪೂರ್ತಿ ಹೆಸರು?"

"ಪಾಸ್‌ಪೋರ್ಟಿನಲ್ಲಿ ಲ್ಯೂಕ್ ಫರ್ನಿಯೆ. ಯಾರಿಗೂ ಹೇಳ್ಬೇಡಿ ಅಂದಿದ್ರು. ಇನ್ನೆಂತ ಗುಟ್ಟು? ಅವರು ಒಂದು ಕಾಲದಲ್ಲಿ ಮೇಯರ್ ಸಿಸ್ಟರ್. ಬಸ್ ಡ್ರೈವರನ ಮಗ, ಶಾಲೆಯ ಮೇಷ್ಟ್ರು, ಮೂವತ್ತೇಳಕ್ಕೆ ಮೇಯರ್ ಆದದ್ದು. ಆ ಊರಿಗೆ ಟ್ರಾಂ ತಂದದ್ದು, ಬಡವರಿಗೆ ಮನೆ ಕಟ್ಟಿಸಿದ್ದು ಎಲ್ಲ ಇವ್ರೇ. ಮೂರು ಸಲ ಗೆದ್ರು. ಹೆಗಲ ಮೇಲೆ ಹೊತ್ತು ಮೆರವಣಿಗೆ ಮಾಡಿದ ಫೋಟೋ ಉಂಟು ಇಂಟರ್ನೆಟ್ಟಲ್ಲಿ."

"ಮತ್ತೆ?"

"ನಾಲ್ಕನೇ ಎಲೆಕ್ಷನ್ ಹತ್ರ ಇತ್ತು. ಒಂದು ಸ್ಟೂಡೆಂಟ್ ಹಾಸ್ಟೆಲ್ ಓಪನಿಂಗ್. ಹುಡುಗರು ಮೇಲೆ ಹೋಗಿ ಗಲಾಟೆ ಮಾಡ್ಬಾರ್ದು ಅಂತ ಟೆರೇಸಿನ ಬಾಗಿಲಿಗೆ ಬೀಗ ಹಾಕಿದ್ರಂತೆ. ಫೈರಿನವ್ರು ಬೀಗ ತೆಗೀರಿ, ಇಲ್ದಿದ್ರೆ ಹಾಸ್ಟೆಲ್ ಮುಚ್ಚಿ ಅಂತ ಬರ್ದಿದ್ರು. ಇವರು ಆರು ತಿಂಗಳು ಮುಂದೆ ಹಾಕಿ ಸೈನ್ ಮಾಡಿದ್ರು. ಎಲೆಕ್ಷನ್ ಮುಗೀಲಿ ಅಂತ. ನಾಲ್ಕನೇ ತಿಂಗಳಲ್ಲಿ ಬೆಂಕಿ ಬಿತ್ತು. ಹನ್ನೊಂದು ಮಕ್ಕಳು ಆ ಬಾಗಿಲಿನ ಹಿಂದೆಯೇ ಸಿಕ್ಕಿದ್ರು. ಎಲೆಕ್ಷನ್ ಗೆದ್ದು ಎಂಟು ದಿನ ಆಗಿತ್ತಷ್ಟೆ. ಹೆಗಲ ಮೇಲೆ ಹೊತ್ತ ಜನವೇ ಮುಖಕ್ಕೆ ಉಗಿದ್ರು. ಕೋರ್ಟು, ರಾಜೀನಾಮೆ, ಹೆಂಡತಿ ಬಿಟ್ಟು ಹೋದದ್ದು..."

ಆಲ್ಬಿನಾಳ ಪೆನ್ನು ನಿಂತಿತು. "ಯಾವ ಊರು?"

"ವಾಲ್‌ಬ್ರೂನ್."

ಆ ಹೆಸರನ್ನು ಅವಳು ಆರು ವರ್ಷದ ಹಿಂದೆ ತನ್ನ ಕೈಯಾರೆ ಹದಿಮೂರು ಫಾರ್ಮುಗಳಲ್ಲಿ ಬರೆದಿದ್ದಳು.

"ವಿಚಿತ್ರ ಮನುಷ್ಯ," ವಿಕಾಸ್ ಎದ್ದು ನಿಂತ. "ಕಂಪೆನಿ ಸಮುದ್ರದ ಹತ್ರ ಒಳ್ಳೆ ಫ್ಲ್ಯಾಟ್ ಕೊಡ್ತೇನೆ ಅಂದ್ರೂ ಹಮ್ರಿಯಾವೇ ಬೇಕು ಅಂದ್ರು. ಬಂದ ವಾರವೇ ಅಡುಗೆಗೆ ಭೋಜಣ್ಣನೇ ಆಗ್ಬೇಕು ಅಂತ ಹೆಸರು ಹೇಳಿ ಕೇಳಿದ್ರು. ಯಾರೋ ಮೀನು ಸಾರಿನ ರುಚಿ ಹೇಳಿರ್ಬೇಕು."

*   *   *

ಶನಿವಾರ ಬೆಳಿಗ್ಗೆ ಅವಳು ವಾದಿ ಕಬೀರಿಗೆ ಹೊರಟಳು, ಮಮ್ಮದನ ಕಾರಿನಲ್ಲಿ. ಉಳ್ಳಾಲದ ಮಮ್ಮದ್ ಹಮ್ರಿಯಾಕ್ಕೂ ವಾದಿ ಕಬೀರಿಗೂ ನಡುವೆ ಜನ ಹೊತ್ತು ಹೊತ್ತು ತಲೆ ಬೋಳಾದವನು.

"ಗುರುವಾರ ಭೋಜಣ್ಣ ಹನ್ನೊಂದರ ಟ್ರಿಪ್ಪಿಗೆ ಬಂದ್ರಾ ಮಮ್ಮದ್?"

"ಇಲ್ಲ ಸಿಸ್ಟರ್. ಕಾದು ಕಾದು ಸಾಕಾಯ್ತು. ಮೂರೂಕಾಲಿಗೆ ಬಂದ್ರು. ಹುಷಾರಿರ್ಲಿಲ್ಲ ಅಂತ ಕಾಣ್ತದೆ. ಎಸಿ ಬಂದ್ ಮಾಡು ಅಂದ್ರು. ಈ ಬಿಸಿಲಲ್ಲಿ! ಗಾಜು ಸಹ ಏರಿಸಿಯೇ ಕೂತ್ರು. ನಾನು ಬೆಂದು ಹೋದೆ ಮಾರಾಯ್ರೆ."

ಆಲ್ಬಿನಾ ಕಿಟಕಿಯ ಕಡೆ ಮುಖ ಮಾಡಿದಳು. ಗ್ಯಾರೇಜುಗಳ ಸಾಲು ಶುರುವಾಗಿತ್ತು. ಇನ್ನು ಐದು ನಿಮಿಷದ ದಾರಿ, ಅದು ಐದು ಗಂಟೆಯಾದರೂ ಆಗಬಾರದೇ ಎಂದು ಅವಳಿಗನಿಸಿತು.

ಬಾಗಿಲು ತೆರೆದವಳು ಭೋಜರಾಜನ ಹೆಂಡತಿ ಮೋಹಿನಿ. ಗೋಡೆಯಲ್ಲಿ ಸಮೀಕ್ಷಾಳ ಫೋಟೋ, ನೀಲಿ ಬಾಗಿಲಿನ ಹಾಸ್ಟೆಲಿನ ಎದುರು ನಿಂತು ಕೈ ಬೀಸುತ್ತಿರುವುದು. ಭೋಜರಾಜ ನೆಲದಲ್ಲಿ ಕುಳಿತು ಬೀನ್ಸ್ ಮುರಿಯುತ್ತಿದ್ದ.

"ಬನ್ನಿ ಬಾಯಮ್ಮ. ಚಾ ಕುಡೀತೀರಾ?"

"ಬೇಡ ಭೋಜಣ್ಣ." ಅವಳು ಕುಳಿತುಕೊಳ್ಳಲಿಲ್ಲ. ಕುಳಿತರೆ ಹೇಳಲಾರಳೆಂದು ಅವಳಿಗೆ ಗೊತ್ತಿತ್ತು. "ಶಹೀದನನ್ನು ಹಿಡಿದು ಎರಡು ದಿನ ಆಯ್ತು. ಅವನಲ್ಲ ಅಂತ ನನಗೆ ಗುರುವಾರವೇ ಗೊತ್ತಿತ್ತು."

ಬೀನ್ಸ್ ಮುರಿಯುವ ಸದ್ದು ನಿಂತಿತು.

"ದೊರೆ ಗಿಡಕ್ಕೆ ನೀರು ಹಾಕುದು ಬೆಳಿಗ್ಗೆ ಆರಕ್ಕೆ. ನಡು ಮಧ್ಯಾಹ್ನ ಮೇಲೆ ಹೋಗ್ಲಿಕ್ಕೆ ಅವರಿಗೆಂತ ಹುಚ್ಚಾ? ಯಾರೋ ಕಳ್ಸಿದ್ದಾರೆ. ಹಪ್ಪಳ ಮಗುಚಿ ಬನ್ನಿ ಅಂತ ಅವರಿಗೆ ಹೇಳುವವರು ಈ ಊರಲ್ಲಿ ಒಬ್ಬರೇ. ಐದು ಸಾಲು ಮಗುಚಿದ್ದಾರೆ, ಪಾಪ, ನೇರಕ್ಕೆ ನೇರ. ಆರನೆಯದಕ್ಕೆ ಕೈ ಹೋಗ್ಲಿಲ್ಲ. ನೀವು ಹನ್ನೊಂದರ ಕಾರು ಹತ್ತಿದ್ದು ಸುಳ್ಳು, ಮಮ್ಮದ್ ಹೇಳಿದ. ಅವರು ವಾಲ್‌ಬ್ರೂನಿನ ಮೇಯರ್ ಅಂತ ವಿಕಾಸ್ ಹೇಳಿದ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ಇದೆಲ್ಲ ಇಲ್ದಿದ್ರೂ ನನಗೆ ಗೊತ್ತಾಗ್ತಿತ್ತು. ಅವರ ನಾಲಗೆ ಮೇಲೆ ತುಳಸಿ ಎಲೆ ಇತ್ತು ಭೋಜಣ್ಣ. ಜಗಿದ ಎಲೆ ಅಲ್ಲ, ಇಟ್ಟ ಎಲೆ. ಕೊಂದವರೇ ಬಾಯಿಗೆ ನೀರು ಬಿಟ್ಟಿದ್ದಾರೆ. ಹಾಗೆ ಮಾಡುವವರು ಬೇರೆ ಯಾರುಂಟು?"

ಮೋಹಿನಿ ಒಲೆ ಆರಿಸಿ ಅಡುಗೆಮನೆಯ ಬಾಗಿಲಿಗೆ ಬಂದಳು.

ಭೋಜರಾಜ ಅಲ್ಲಗಳೆಯಲಿಲ್ಲ. ಬೀನ್ಸಿನ ನಾರನ್ನು ಬೆರಳಿಗೆ ಸುತ್ತುತ್ತ ಕುಳಿತ.

"ಅವತ್ತು ಬೆಳಿಗ್ಗೆ ಕತ್ತರಿ ಹುಡುಕ್ತಾ ಇದ್ದೆ. ದೊರೆಯ ಕೋಣೆಯಲ್ಲಿ ಮೇಲಿನ ಡ್ರಾಯರ್ ತೆಗ್ದೆ. ಪೇಪರ್ ಕಟಿಂಗ್ ಇತ್ತು. ಗಡ್ಡ ಇಲ್ಲ, ಎದೆಗೆ ಅಡ್ಡ ಮೇಯರಿನ ಮೂರು ಬಣ್ಣದ ಪಟ್ಟಿ, ಕೈಲಿ ಕತ್ತರಿ, ರಿಬ್ಬನ್. ಹಿಂದೆ ನೀಲಿ ಬಾಗಿಲು." ಅವನು ಗೋಡೆಯ ಕಡೆ ನೋಡಲಿಲ್ಲ. "ಎರಡು ವರ್ಷ ಬಾಯಮ್ಮ. ಎರಡು ವರ್ಷ ಅವನಿಗೆ ಗಂಜಿ ಮಾಡಿ ಹಾಕಿದೆ. ಜ್ವರ ಬಂದಾಗ ಹಣೆಗೆ ಬಟ್ಟೆ ಇಟ್ಟೆ."

"ಕೇಳ್ಬಹುದಿತ್ತಲ್ಲ ಅವರನ್ನು?"

"ಕೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಹತ್ತು ನಿಮಿಷ ಅಂತ ಚಿಲಕ ಹಾಕಿದೆ. ಹತ್ತೇ ನಿಮಿಷ. ನನ್ನ ಮಗು ಬಡಿದ ಹಾಗೆ ಬಡೀಲಿ ಅಂತ. ಮೊದ್ಲು ನಗ್ತಾ ಬಡಿದ್ರು, 'ಭೋಜಾ, ಡೋರ್' ಅಂತ. ಆಮೇಲೆ ಜೋರು ಬಡಿದ್ರು. ನಾನು ಮೆಟ್ಟಿಲಲ್ಲಿ ನಿಂತು ಅವಳ ಹೆಸರು ಹೇಳಿದೆ. ಬೇರೇನೂ ಹೇಳ್ಲಿಲ್ಲ. ಸಮೀಕ್ಷಾ ಅಂತ ಅಷ್ಟೆ."

ಅವನು ಬೆರಳಿನ ನಾರನ್ನು ಬಿಚ್ಚಿ ನೆಲಕ್ಕೆ ಹಾಕಿದ.

"ಆಮೇಲೆ ಅವರು ಬಡೀಲೇ ಇಲ್ಲ ಬಾಯಮ್ಮ. ಒಂದು ಸಲವೂ ಇಲ್ಲ. ನಾನು ಚಿಲಕದ ಮೇಲೆ ಕೈ ಇಟ್ಟೇ ನಿಂತಿದ್ದೆ. ಇನ್ನೊಂದು ಸಲ ಬಡಿದಿದ್ರೆ ತೆಗೀತಿದ್ದೆ. ದೇವರಾಣೆ ತೆಗೀತಿದ್ದೆ. ಮೂರು ಗಂಟೆಗೆ ತೆಗ್ದಾಗ ತುಳಸಿ ಹತ್ರ ಮಲಗಿದ್ರು. ಉಸಿರು ಉಂಟಾ ಇಲ್ವಾ ಅಂತ ಗೊತ್ತಾಗ್ಲಿಲ್ಲ. ಹಾಗೇ ಬಿಟ್ಟು ಬರ್ಲಿಕ್ಕೆ ಆಗ್ಲಿಲ್ಲ. ಎಲೆ ಹಾಕಿ ನೀರು ಬಿಟ್ಟೆ. ಅವಳಿಗೆ ಬಿಡ್ಲಿಕ್ಕೆ ಯಾರೂ ಇರ್ಲಿಲ್ಲ."

ಅವನು ಎದ್ದು ಅಂಗಿ ಹಾಕಿಕೊಂಡ. ಶಹೀದನಿಗಾಗಿ ನಾನೇ ಇವತ್ತು ಹೊರಡುವವನಿದ್ದೆ ಎಂದ. ಅದು ನಿಜವೋ ಸುಳ್ಳೋ, ಆಲ್ಬಿನಾ ನಂಬಿದಳು. ಎರಡು ದಿನ ಬಾಯಿ ಮುಚ್ಚಿ ಕೂತ ಅವಳಿಗೆ ಅವನನ್ನು ತೂಗುವ ಅರ್ಹತೆಯಾದರೂ ಎಲ್ಲಿತ್ತು?

ಮೋಹಿನಿ ಅಳಲಿಲ್ಲ. ಗಂಡನ ತೋಳು ಹಿಡಿದು ಒಂದೇ ಮಾತು ಕೇಳಿದಳು. "ಅವಳ ಹೆಸರು ನಾನಿನ್ನು ಯಾರ ಹತ್ರ ಹೇಳುದು?"

*   *   *

ಠಾಣೆಯಲ್ಲಿ ಇಬ್ರಾಹಿಂ ಹೇಳಿಕೆ ಬರೆದುಕೊಂಡ. ಆಲ್ಬಿನಾ ತುಳುವನ್ನು ಹಿಂದಿ ಮಾಡಿ ಹೇಳಿದಳು. ಎಲೆಯ ಅರ್ಥವನ್ನೂ ಹೇಳಿದಳು, ತಾನು ಮುಚ್ಚಿಟ್ಟದ್ದನ್ನೂ ಹೇಳಿದಳು. ಅವನು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಬಾಗಿಲಾಚೆ ಶಹೀದ್ ತನ್ನ ಬೆಲ್ಟು, ಚಪ್ಪಲಿ ತೆಗೆದುಕೊಂಡು ಹೊರಟ. ಭೋಜರಾಜನನ್ನು ಕಂಡು ಎಂದಿನಂತೆ ಸಲಾಂ ಮಾಡಿದ. ಅವನಿಗಿನ್ನೂ ಏನೂ ಗೊತ್ತಿರಲಿಲ್ಲ.

"ಒಂದು ಮಾತು ಉಳಿದಿದೆ," ಎಂದ ಇಬ್ರಾಹಿಂ. "ಅಷ್ಟು ದೊಡ್ಡ ಮನುಷ್ಯ ಹಮ್ರಿಯಾಕ್ಕೆ ಯಾಕೆ ಬಂದ? ಇವನನ್ನೇ ಯಾಕೆ ಕೇಳಿ ಇಟ್ಟುಕೊಂಡ?" ಮೇಜಿನಿಂದ ಆ ನೋಟ್‌ಬುಕ್ ತೆಗೆದ. "ಮುಂದಿನ ಪುಟಗಳನ್ನು ನೀವು ನೋಡಲಿಲ್ಲ, ಸಿಸ್ಟರ್. ನಲವತ್ತು ಪುಟ ಒಂದೇ ಸಾಲು. ಏನಿದೆ ಓದಿ."

ಆಲ್ಬಿನಾ ಓದಿದಳು.

"ಎಂತ ಬರ್ದಿದ್ದಾರೆ?" ಭೋಜರಾಜ ಕೇಳಿದ.

ಅವಳು ನೋಟ್‌ಬುಕ್ಕನ್ನೇ ಅವನ ಕಡೆ ತಿರುಗಿಸಿದಳು. ಮೇಲಿನ ಡ್ರಾಯರಿನ ಬದಲು ಕೆಳಗಿನದನ್ನು ಎಳೆದಿದ್ದರೆ ಗುರುವಾರ ಬೆಳಿಗ್ಗೆಯೇ ಅವನ ಕೈಗೆ ಸಿಗುತ್ತಿತ್ತು. ಅಡ್ಡಾದಿಡ್ಡಿ ಅಕ್ಷರ. ಎರಡು ವರ್ಷದಲ್ಲಿ ಸ್ವಲ್ಪ ಸ್ವಲ್ಪವೇ ನೆಟ್ಟಗಾದ ಅಕ್ಷರ.

ಸಮೀಕ್ಷಾಳ ಅಪ್ಪನಿಗೆ,

ಅದರ ಕೆಳಗೆ ಏನೂ ಇರಲಿಲ್ಲ. ಮುಂದಿನ ಪುಟದಲ್ಲಿ ಮತ್ತೆ ಅದೇ ಸಾಲು, ಕೆಳಗೆ ಖಾಲಿ. ಭೋಜರಾಜ ಒಂದೊಂದೇ ಪುಟ ಮಗುಚುತ್ತ ಹೋದ. ಇಬ್ರಾಹಿಂ ಗಡಿಯಾರ ನೋಡಿದ, ಆದರೆ ಸಾಕು ಎನ್ನಲಿಲ್ಲ. ನಲವತ್ತೂ ಪುಟ ಮುಗಿದ ಮೇಲೆ ಭೋಜರಾಜ ಪುನಃ ಮೊದಲ ಪುಟಕ್ಕೆ ಬಂದು, ಅ ಆ ಇ ಈ ಬರೆದಲ್ಲಿ ಬೆರಳಿಟ್ಟು ಕುಳಿತ.